ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದ್ದರು: ಹೂಸ್ಟನ್ ಹಾಬಿ, ಜೂನ್ 2016

2016ರ ಜೂನ್ 9ರ ಮಧ್ಯಾಹ್ನ, ಸುಮಾರು 1 ಗಂಟೆ 9 ನಿಮಿಷಕ್ಕೆ, ಅಮೆರಿಕದ ಹೂಸ್ಟನ್ ನಗರದಲ್ಲಿ ಒಂದು ಸಣ್ಣ ವಿಮಾನ ಬಿತ್ತು. ಹಾರ್ಡ್‌ವೇರ್ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದ ಖಾಲಿ ಕಾರಿನ ಮೇಲೆ. ವಿಮಾನದಲ್ಲಿದ್ದ ಮೂವರೂ ತೀರಿಕೊಂಡರು. ನೆಲದ ಮೇಲಿದ್ದವರಿಗೆ ಏನೂ ಆಗಲಿಲ್ಲ. ಎಂಜಿನ್ ಕೆಟ್ಟಿರಲಿಲ್ಲ. ಇಂಧನ ಮುಗಿದಿರಲಿಲ್ಲ. ಮೋಡ, ಮಂಜು ಯಾವುದೂ ಅಡ್ಡ ಬಂದಿರಲಿಲ್ಲ. ಪೈಲಟ್ ಕೊನೆಯವರೆಗೂ ಟವರ್ ಜೊತೆ, ಎಂದರೆ ನಿಲ್ದಾಣದ ಗೋಪುರದಲ್ಲಿ ಕೂತು ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್‌ಗಳ ಜೊತೆ, ಮಾತಾಡುತ್ತಲೇ ಇದ್ದರು.

ಆ ಮಾತುಕತೆಯ ಧ್ವನಿಮುದ್ರಣ ಇವತ್ತಿಗೂ ಕೇಳಲು ಸಿಗುತ್ತದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ತನಿಖಾ ವರದಿಯೂ ಎಲ್ಲರಿಗೂ ಲಭ್ಯ. ಕೊನೆಯ ಕೆಲವು ಸೆಕೆಂಡು ಬಿಟ್ಟರೆ ಅದರಲ್ಲಿ ಕೂಗಾಟವಿಲ್ಲ. ಭಾಷೆ ಅರ್ಥವಾಗದ ತೊಂದರೆಯೂ ಇಲ್ಲ. ಕಂಟ್ರೋಲರ್‌ಗಳು ಸಮಾಧಾನವಾಗಿ ಮಾತಾಡಿದ್ದಾರೆ, ಪೈಲಟ್ ಅಷ್ಟೇ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದಾರೆ. ಒಂದೊಂದು ಮಾತನ್ನೂ ಬಿಡಿಯಾಗಿ ಕೇಳಿದರೆ ಇದರಲ್ಲಿ ತಪ್ಪೇನಿದೆ ಅನ್ನಿಸುತ್ತದೆ. ಸಾಲಾಗಿ ಜೋಡಿಸಿಕೊಂಡು ಕೇಳಿದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಹಾರಾಟ ಕಲಿಸುವವರು ಈ ಪ್ರಕರಣವನ್ನು ಮತ್ತೆ ಮತ್ತೆ ಎತ್ತಿಕೊಳ್ಳುವುದು ಅದಕ್ಕೇ ಇರಬೇಕು.

ವಿಮಾನ ಸಿರಸ್ ಎಸ್‌ಆರ್20. ಒಂದೇ ಎಂಜಿನ್, ಕೆಳಗೆ ರೆಕ್ಕೆ, ಒಳಗೆ ಕಾರಿನಷ್ಟು ಜಾಗ. ಒಕ್ಲಹೋಮ ರಾಜ್ಯದ ನಾರ್ಮನ್ ಊರಿನಿಂದ ಬೆಳಗ್ಗೆ ಹತ್ತು ದಾಟಿದ ಮೇಲೆ ಹೊರಟಿತ್ತು. ಒಳಗಿದ್ದವರು ಒಂದೇ ಮನೆಯ ಮೂವರು. ಹಾರಿಸುತ್ತಿದ್ದಾಕೆಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಇತ್ತು. ಮುನ್ನೂರು ಗಂಟೆಗೂ ಸ್ವಲ್ಪ ಜಾಸ್ತಿ ಹಾರಿದ ಅನುಭವವೂ ಇತ್ತು. ಅಮೆರಿಕದಲ್ಲಿ ಈ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಸಾಕು. ಹಾಗಾಗಿ ಅವರನ್ನು ಹೊಸಬರು ಎನ್ನುವಂತಿಲ್ಲ. ಆದರೆ ದೊಡ್ಡ ಊರಿನ ದೊಡ್ಡ ನಿಲ್ದಾಣಕ್ಕೆ ದಿನವೂ ಬಂದು ಹೋಗುವವರ ಅನುಭವವೂ ಅದಲ್ಲ.

ಹೋಗಬೇಕಿದ್ದದ್ದು ಹಾಬಿ ವಿಮಾನ ನಿಲ್ದಾಣಕ್ಕೆ. ಹೂಸ್ಟನ್‌ನ ಎರಡು ದೊಡ್ಡ ನಿಲ್ದಾಣಗಳಲ್ಲಿ ಇದು ಹಳೆಯದು, ಊರಿಗೆ ಹತ್ತಿರದ್ದು. ಸೌತ್‌ವೆಸ್ಟ್ ಕಂಪನಿಯ ಬೋಯಿಂಗ್ 737 ಪ್ರಯಾಣಿಕ ಜೆಟ್ ವಿಮಾನಗಳು ಇಲ್ಲಿ ಒಂದರ ಹಿಂದೆ ಒಂದು ಇಳಿಯುತ್ತಲೇ ಇರುತ್ತವೆ. ಸುತ್ತಲಿನ ಆಕಾಶ ಬಿ ದರ್ಜೆಯದು. ಕಂಟ್ರೋಲರ್ ಬಾಯಿಬಿಟ್ಟು ಅನುಮತಿ ಕೊಡದೆ ಒಳಗೆ ಕಾಲಿಡುವಂತಿಲ್ಲ. ಅನುಮತಿ ಸಿಕ್ಕರೆ ಮಾತ್ರ ಸಣ್ಣ ವಿಮಾನಕ್ಕೂ ದೊಡ್ಡ ವಿಮಾನಕ್ಕೂ ಅದೇ ರನ್‌ವೇ, ಅದೇ ಟವರ್, ಅದೇ ಫ್ರೀಕ್ವೆನ್ಸಿ.

ಒಂದೇ ತಂತಿಯ ಮೇಲೆ ಎಲ್ಲರೂ

ಸಣ್ಣ ವಿಮಾನದ ರೇಡಿಯೊ ಬಹಳ ಹಳೆಯ ಕಾಲದ, ಸರಳ ವಸ್ತು. 118ರಿಂದ 137 ಮೆಗಾಹರ್ಟ್ಸ್ ವರೆಗಿನ ವಿಎಚ್‌ಎಫ್ ತರಂಗ, ಅದೂ ಹಳೆಯ ರೇಡಿಯೊ ಸ್ಟೇಷನ್‌ಗಳ ಎಎಂ ಪದ್ಧತಿ. ಬಟನ್ ಒತ್ತಿದರೆ ಮಾತು ಹೋಗುತ್ತದೆ, ಬಿಟ್ಟರೆ ಕೇಳುತ್ತದೆ. ಎರಡೂ ಒಟ್ಟಿಗೆ ಆಗದು. ಇಬ್ಬರು ಒಂದೇ ಹೊತ್ತಿಗೆ ಒತ್ತಿದರೆ ಉಳಿದವರಿಗೆ ಕೀಂಯ್ ಎನ್ನುವ ಸದ್ದು ಮಾತ್ರ. ಆದ್ದರಿಂದ ಮೊದಲು ಕೇಳಿಸಿಕೊಳ್ಳಬೇಕು, ಯಾರೂ ಮಾತಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಒತ್ತಬೇಕು, ಹೇಳುವುದನ್ನು ಹೇಳಿ ಬಿಟ್ಟುಬಿಡಬೇಕು.

ಹೇಳುವುದಕ್ಕೂ ಒಂದು ಕ್ರಮ ಇದೆ. ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು. ಉದಾಹರಣೆಗೆ, ಸುಮ್ನೆ ಒಂದು ಕಲ್ಪಿತ ನಂಬರ್ ಇಟ್ಟುಕೊಂಡರೆ, ಮಾತು ಹೀಗಿರುತ್ತದೆ: "ಹೂಸ್ಟನ್ ಅಪ್ರೋಚ್, ಸಿರಸ್ ಒನ್ ಟೂ ತ್ರೀ ಆಲ್ಫಾ, ಟ್ವೆಂಟಿ ಮೈಲ್ಸ್ ನಾರ್ತ್‌ವೆಸ್ಟ್, ಲ್ಯಾಂಡಿಂಗ್ ಹಾಬಿ, ವಿತ್ ಇನ್ಫರ್ಮೇಶನ್ ಬ್ರಾವೊ." ಕೊನೆಯಲ್ಲಿ ಬಂದ ಆ ಬ್ರಾವೊ ಬಿ ಅಕ್ಷರದ ರೇಡಿಯೊ ಹೆಸರು. ಅದರ ಅರ್ಥ, ನಿಲ್ದಾಣದ ಹವಾಮಾನದ ಧ್ವನಿಮುದ್ರಿತ ಪ್ರಕಟಣೆಯನ್ನು ಕೇಳಿಕೊಂಡೇ ಬಂದಿದ್ದೇನೆ ಎಂದು. ಪ್ರಕಟಣೆ ಬದಲಾದಾಗಲೆಲ್ಲ ಅಕ್ಷರ ಮುಂದಕ್ಕೆ ಹೋಗುತ್ತದೆ. ಪೈಲಟ್ ಹೇಳಿದ ಅಕ್ಷರ ಹಳೆಯದಾದರೆ ಕಂಟ್ರೋಲರ್‌ಗೆ ತಕ್ಷಣ ಗೊತ್ತಾಗುತ್ತದೆ.

ಕಂಟ್ರೋಲರ್ ಸೂಚನೆ ಕೊಟ್ಟರೆ ಪೈಲಟ್ ಅದನ್ನು ತಿರುಗಿ ಹೇಳಬೇಕು. ರನ್‌ವೇ ನಂಬರ್, ಎತ್ತರ, ತಿರುಗಬೇಕಾದ ದಿಕ್ಕು. ಕೇಳಿಸಿದೆ ಎಂಬುದಕ್ಕೆ ಅದೇ ಸಾಕ್ಷಿ. ಈ ಪದ್ಧತಿಯಿಂದ ಲೆಕ್ಕವಿಲ್ಲದಷ್ಟು ಅಪಘಾತ ತಪ್ಪಿವೆ. ಆದರೆ ಅದು ಕೇಳಿಸಿದ್ದಕ್ಕೆ ಸಾಕ್ಷಿಯೇ ಹೊರತು ಅರ್ಥವಾಗಿದ್ದಕ್ಕಲ್ಲ, ಮಾಡಲು ಆಗುತ್ತದೆ ಎನ್ನುವುದಕ್ಕಂತೂ ಅಲ್ಲವೇ ಅಲ್ಲ. ಹಾಬಿಯಲ್ಲಿ ಇದೇ ಮುಖ್ಯವಾಯಿತು.

ಇನ್ನೊಂದು ಸಂಗತಿಯನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಈ ಫ್ರೀಕ್ವೆನ್ಸಿಯಲ್ಲಿ ಯಾವುದೂ ಗುಟ್ಟಲ್ಲ. ನೀವು ತಡವರಿಸಿದರೆ ಹಿಂದೆ ಬರುತ್ತಿರುವ 737ರ ಕ್ಯಾಪ್ಟನ್‌ಗೂ ಕೇಳುತ್ತದೆ. ನೀವು ಎರಡನೇ ಸಲ ಕೇಳಿದರೆ ಟವರ್‌ನಲ್ಲಿ ಕೂತವರ ಐದು ಸೆಕೆಂಡು ಹೋಗುತ್ತದೆ, ಆ ಐದು ಸೆಕೆಂಡಿಗಾಗಿ ಇನ್ನಿಬ್ಬರು ಕಾಯುತ್ತಿರುತ್ತಾರೆ. ವಾರಾಂತ್ಯದಲ್ಲಿ ಹಾರುವ ಪೈಲಟ್‌ಗೆ ಇದು ಎಷ್ಟು ಮುಜುಗರದ ವಿಷಯ ಅಂದರೆ, ಹಾರಿಸುವುದಕ್ಕಿಂತ ಮೈಕ್ ಒತ್ತುವುದೇ ಭಯ ಎನ್ನುವವರು ತರಬೇತಿ ಶಾಲೆಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ಏನೇನಾಯಿತು

ಮೊದಲು ಅಪ್ರೋಚ್ ಕಂಟ್ರೋಲರ್, ಎಂದರೆ ದೂರದಿಂದ ಬರುವ ವಿಮಾನಗಳನ್ನು ಸರದಿಯಲ್ಲಿ ನಿಲ್ದಾಣದತ್ತ ತರುವವರು, ಸಿರಸ್ಸನ್ನು ದಾರಿಗೆ ಹಚ್ಚಿ ಹಾಬಿ ಟವರ್‌ಗೆ ಒಪ್ಪಿಸಿದರು. ಟವರ್ 4ನೇ ರನ್‌ವೇಯಲ್ಲಿ ಇಳಿಯಲು ಹೇಳಿತು. ಗಾಳಿ ಪೂರ್ವದಿಂದ ಬೀಸುತ್ತಿತ್ತು. 13 ನಾಟ್, ಆಗಾಗ 18ಕ್ಕೆ ಏರುತ್ತಿತ್ತು. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್.

ಹಿಂದೆ ಒಂದು 737 ಬರುತ್ತಿತ್ತು. ಇಳಿಯುವಾಗ 737ರ ವೇಗ ಸುಮಾರು 140 ನಾಟ್, ಸಿರಸ್ಸಿನದು 80ರ ಆಸುಪಾಸು. ಹೈವೇಯಲ್ಲಿ ಮೊಪೆಡ್ಡಿನ ಹಿಂದೆ ಐರಾವತ ಬಸ್ಸು ಬಂದಂತೆ. ಬಸ್ಸಾದರೆ ಬ್ರೇಕ್ ಹಾಕಿ ನಿಲ್ಲಬಹುದು. 737 ಗಾಳಿಯಲ್ಲಿ ನಿಲ್ಲುವಂತಿಲ್ಲ. ಅಂತರ ಕಡಿಮೆಯಾಗುತ್ತಾ ಬಂತು. ಕಂಟ್ರೋಲರ್ ಸಿರಸ್‌ಗೆ ಗೋ-ಅರೌಂಡ್ ಹೇಳಿದರು. ಎಂದರೆ ಇಳಿಯುವುದನ್ನು ಬಿಟ್ಟು ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರುವುದು. ಇದರಲ್ಲಿ ವಿಶೇಷವೇನಿಲ್ಲ, ಇಂಥ ನಿಲ್ದಾಣಗಳಲ್ಲಿ ಆಗಾಗ ಆಗುವುದೇ.

ಮುಂದಿನ ತೀರ್ಮಾನ ಮಾತ್ರ ದುಬಾರಿಯಾಯಿತು. ಸಿರಸ್ಸನ್ನು ಅಪ್ರೋಚ್‌ಗೆ ವಾಪಸ್ ಕಳಿಸಿ, ದೂರದಿಂದ ಹೊಸದಾಗಿ ಸರದಿಯಲ್ಲಿ ತರುವ ಬದಲು, ಕಂಟ್ರೋಲರ್ ಅದನ್ನು ನಿಲ್ದಾಣದ ಸುತ್ತಲೇ ಉಳಿಸಿಕೊಂಡರು. 737ಗಳು 4ರಲ್ಲಿ ಇಳಿಯಲಿ, ನಡುವೆ ಸಿಗುವ ಸಂದಿನಲ್ಲಿ ಈ ಸಣ್ಣ ವಿಮಾನವನ್ನು 35ನೇ ರನ್‌ವೇಗೆ ಇಳಿಸೋಣ ಎಂಬ ಯೋಚನೆ. ಉದ್ದೇಶ ಒಳ್ಳೆಯದೇ. ಪೈಲಟ್‌ಗೆ ದೂರ ಸುತ್ತುವ ಕಷ್ಟ ತಪ್ಪುತ್ತದಲ್ವಾ?

ಪೈಲಟ್ ಒಪ್ಪಿಕೊಂಡರು. 35ನೇ ರನ್‌ವೇಗೆ ಬಲಸುತ್ತಿನಲ್ಲಿ ಹೊರಟರು. ಮಧ್ಯದಲ್ಲಿ, 4ಕ್ಕೆ ಇಳಿಯುತ್ತಿರುವ 737 ವಿಷಯವೂ ಬಂತು. ಅದರ ಹಿಂದಿನಿಂದ ಹೋಗಬೇಕೋ, ಈಗಲೇ ಬಲಕ್ಕೆ ತಿರುಗಬೇಕೋ ಎಂಬ ಗೊಂದಲ ಶುರುವಾಯಿತು. ಪೈಲಟ್ ಪ್ರಶ್ನೆ ಕೇಳಿದರು. ಉತ್ತರವಾಗಿ ಕಂಟ್ರೋಲರ್, ನೀವು ಯಾವ ಕಡೆ ಹೋಗುತ್ತಿದ್ದೀರೋ ತಿಳಿಯುತ್ತಿಲ್ಲ, ತಿರುಗಿ 35ರ ಕಡೆಗೇ ಬನ್ನಿ ಎಂಬ ಅರ್ಥದ ಮಾತು ಹೇಳಿದರು.

ಧ್ವನಿಮುದ್ರಣದಲ್ಲಿ ಈ ಜಾಗದಲ್ಲಿ ನಾನು ಪ್ರತಿ ಸಲ ನಿಲ್ಲಿಸುತ್ತೇನೆ. ಇಬ್ಬರ ತಲೆಯೊಳಗಿನ ಚಿತ್ರ ಬೇರೆ ಬೇರೆ ಎಂಬುದು ಇಲ್ಲಿ ಬಯಲಿಗೆ ಬಂದಿದೆ. ಇಬ್ಬರಿಗೂ ಅದು ಗೊತ್ತಾಗಿದೆ. ಆದರೂ ಇಬ್ಬರೂ ಅದನ್ನು ಸರಿಪಡಿಸಿಕೊಳ್ಳದೆ ಮುಂದೆ ಹೋದರು.

35ಕ್ಕೆ ಬಂದಾಗ ವಿಮಾನ ತೀರಾ ಎತ್ತರದಲ್ಲಿತ್ತು. ಕಂಟ್ರೋಲರ್‌ಗೂ ಅದು ಕಾಣಿಸಿತು. ಎತ್ತರ ಜಾಸ್ತಿ ಅನ್ನಿಸಿದರೆ ಬಲವಂತವಾಗಿ ಇಳಿಸಬೇಡಿ ಎಂದು ಅವರೇ ಹೇಳಿದರು. ಪೈಲಟ್ ಎರಡನೇ ಗೋ-ಅರೌಂಡ್ ಮಾಡಿದರು. ಮತ್ತೆ ಸುತ್ತು ಹಾಕಿ ಮತ್ತೆ 35ಕ್ಕೆ ಬಂದರು. ಮತ್ತೆ ಎತ್ತರ ಜಾಸ್ತಿ. ಈ ನಡುವೆ ಟವರ್‌ನಲ್ಲಿ ಕುರ್ಚಿ ಬದಲಾಗಿತ್ತು. ಎರಡನೇ ಕಂಟ್ರೋಲರ್ ಮೈಕ್ ಹಿಡಿದಿದ್ದರು. ಮೂರನೇ ಗೋ-ಅರೌಂಡ್ ಶುರುವಾಗುವ ಹೊತ್ತಿಗೇ, ಎಂದರೆ ಪೈಲಟ್‌ನ ಎರಡೂ ಕೈಗೆ ಕೆಲಸ ಇರುವ ಹೊತ್ತಿನಲ್ಲಿ, ಅವರಿಂದ ಮುಂದಿನ ಸುತ್ತಿನ ಉದ್ದದ ಸೂಚನೆ ಬಂತು. ಒಂದೇ ಮಾತಿನಲ್ಲಿ ಹಲವು ಕೆಲಸ.

ಪೈಲಟ್ ಅದಕ್ಕೂ ಉತ್ತರ ಕೊಟ್ಟು ತಿರುವು ತೆಗೆದುಕೊಂಡರು. ವೇಗ ಇನ್ನೂ ಸಾಕಷ್ಟು ಏರಿರಲಿಲ್ಲ. ಅಷ್ಟರಲ್ಲಿ ಫ್ಲ್ಯಾಪ್ ಮೇಲಕ್ಕೆ ಹೋಯಿತು. ಫ್ಲ್ಯಾಪ್ ಎಂದರೆ ರೆಕ್ಕೆಯ ಹಿಂಬದಿಯ ಮಡಚುವ ಭಾಗ. ಕಡಿಮೆ ವೇಗದಲ್ಲಿ ವಿಮಾನವನ್ನು ಎತ್ತಿ ಹಿಡಿಯಲು ರೆಕ್ಕೆಗೆ ನೆರವಾಗುವುದು ಅದು. ಗೋ-ಅರೌಂಡ್‌ನಲ್ಲಿ ಅದನ್ನು ಹಂತ ಹಂತವಾಗಿ, ವೇಗ ಬಂದ ಮೇಲೆಯೇ ಮಡಚಬೇಕು. ವೇಗವಿಲ್ಲದೆ ಮಡಚಿ, ಜೊತೆಗೆ ವಾಲಿಕೊಂಡು ತಿರುಗುತ್ತಾ ಮೂಗು ಎತ್ತಿದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಇದೇ ಸ್ಟಾಲ್. ಒಂದು ರೆಕ್ಕೆ ಮೊದಲು ಬಿದ್ದರೆ ವಿಮಾನ ಗಿರಗಿರ ತಿರುಗುತ್ತದೆ. ಅದು ಸ್ಪಿನ್. ಟವರ್‌ನಿಂದ ನೇರ ಮಾಡಿ, ನೇರ ಮಾಡಿ ಎಂಬ ಗಾಬರಿಯ ದನಿ ಬಂತು. ಆಗ ವಿಮಾನ ನೆಲದಿಂದ ಕೆಲವೇ ನೂರು ಅಡಿ ಮೇಲಿತ್ತು. ಸಿರಸ್‌ನಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇರುತ್ತದೆ. ಅಷ್ಟು ಕೆಳಗೆ ಅದು ಉಪಯೋಗಕ್ಕೆ ಬರಲಿಲ್ಲ.

ಗಾಳಿಯ ಲೆಕ್ಕ

ಎರಡು ಸಲ ಬಂದರೂ ಎತ್ತರ ಜಾಸ್ತಿ ಆದದ್ದೇಕೆ? ಪೈಲಟ್‌ಗೆ ಇಳಿಸಲು ಬರುತ್ತಿರಲಿಲ್ಲ ಎಂದು ಕೈ ತೊಳೆದುಕೊಳ್ಳುವುದು ಸುಲಭ. ಒಂದು ಕಾಗದ ತೆಗೆದುಕೊಂಡು ಬಾಣ ಎಳೆದು ನೋಡಿ, ಬೇರೆ ಉತ್ತರ ಸಿಗುತ್ತದೆ.

ರನ್‌ವೇ ನಂಬರ್ ಅಂದರೆ ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ತೆಗೆದದ್ದು. 4 ಅಂದರೆ ಸುಮಾರು 40 ಡಿಗ್ರಿ, ಈಶಾನ್ಯದ ಕಡೆ. 35 ಅಂದರೆ 350 ಡಿಗ್ರಿ, ಹೆಚ್ಚುಕಮ್ಮಿ ಉತ್ತರ. ಗಾಳಿ 90 ಡಿಗ್ರಿಯಿಂದ, ಅಂದರೆ ಪೂರ್ವದಿಂದ. 4ರಲ್ಲಿ ಇಳಿದರೆ ಸುಮಾರು 8 ನಾಟ್ ಎದುರುಗಾಳಿ, 10 ನಾಟ್ ಅಡ್ಡಗಾಳಿ. ಎದುರುಗಾಳಿ ಇಳಿಯುವವರಿಗೆ ವರ. ವಿಮಾನ ನಿಧಾನವಾಗಿ ಮುಂದೆ ಸಾಗುತ್ತದೆ, ಕೆಳಗಿಳಿಯಲು ಸಮಯ ಸಿಗುತ್ತದೆ. 35ರಲ್ಲಿ ಇಳಿದರೆ ಆ ಎದುರುಗಾಳಿ ಪೂರ್ತಿ ಮಾಯ. ಹತ್ತಿರ ಹತ್ತಿರ 13 ನಾಟ್ ಅಡ್ಡಗಾಳಿ, ಮೇಲೆ ಒಂದೆರಡು ನಾಟ್ ಹಿಂಗಾಳಿ.

ಇದಕ್ಕಿಂತ ಕೆಟ್ಟದ್ದು ಸುತ್ತಿನಲ್ಲಿದೆ. 35ಕ್ಕೆ ಬಲಸುತ್ತಿನಲ್ಲಿ ಬರುವವರು ರನ್‌ವೇಯ ಪೂರ್ವಕ್ಕೆ ದಕ್ಷಿಣಮುಖವಾಗಿ ಹೋಗಿ, ಬಲಕ್ಕೆ ತಿರುಗಿ ಪಶ್ಚಿಮಕ್ಕೆ ಬರುತ್ತಾರೆ. ಈ ತುಂಡಿಗೆ ಬೇಸ್ ಎನ್ನುತ್ತಾರೆ. ಎತ್ತರ ಕಳೆದುಕೊಳ್ಳುವ ಕೆಲಸದಲ್ಲಿ ಒಂದು ಒಳ್ಳೆಯ ಪಾಲು ನಡೆಯುವುದು ಇಲ್ಲೇ. ಇಲ್ಲಿ ಪೂರ್ವದ ಗಾಳಿ ಬೆನ್ನಿಗೆ ಬಂತು. ಗಾಳಿಯಲ್ಲಿ 85 ನಾಟ್ ವೇಗದ ವಿಮಾನ ನೆಲದ ಲೆಕ್ಕದಲ್ಲಿ 98 ನಾಟ್ ಓಡುತ್ತದೆ. ಬೇಸ್ ಬೇಗ ಮುಗಿಯುತ್ತದೆ. ಇಳಿಯಬೇಕಾದಷ್ಟು ಇಳಿದಿರುವುದಿಲ್ಲ. ಉತ್ತರಕ್ಕೆ ತಿರುಗುವಷ್ಟರಲ್ಲಿ ರನ್‌ವೇಯ ಗೆರೆಯನ್ನೇ ದಾಟಿ ಹೋಗುವ ಅಪಾಯ ಬೇರೆ. ಎತ್ತರ ಜಾಸ್ತಿ ಆಗದೆ ಇನ್ನೇನಾಗುತ್ತದೆ?

ಗಾಳಿಯ ಅಂಕಿಯನ್ನು ಟವರ್ ರೇಡಿಯೊದಲ್ಲಿ ಹೇಳಿತ್ತು. ಮುಚ್ಚಿಟ್ಟದ್ದು ಏನೂ ಇಲ್ಲ. ಪೈಲಟ್ ಅದನ್ನು ಕೇಳಿಸಿಕೊಂಡೇ ಒಪ್ಪಿದ್ದರು. ನನ್ನ ಪ್ರಕಾರ ಇಡೀ ಪ್ರಕರಣದ ಕೀಲಿ ಇಲ್ಲಿದೆ. ಕಂಟ್ರೋಲರ್ ಅಂಕಿ ಕೊಟ್ಟರೆ ತನ್ನ ಕೆಲಸ ಮುಗಿಯಿತು ಎಂದುಕೊಂಡರು. ಪೈಲಟ್ ಅಂಕಿ ತಿರುಗಿ ಹೇಳಿದರೆ ತನ್ನ ಕೆಲಸ ಮುಗಿಯಿತು ಎಂದುಕೊಂಡರು. ಈ ಗಾಳಿಯಲ್ಲಿ ಈ ಸುತ್ತು ಹಾಕಿದರೆ ಏನಾಗುತ್ತದೆ ಎಂಬ ಲೆಕ್ಕ ಯಾರ ಪಾಲಿಗೂ ಬರಲಿಲ್ಲ. ಕಂಟ್ರೋಲರ್‌ಗೆ ಪೈಲಟ್ ಲೈಸೆನ್ಸ್ ಇರಬೇಕೆಂಬ ನಿಯಮ ಅಮೆರಿಕದಲ್ಲಿಲ್ಲ. ಅವರ ಗಮನವೆಲ್ಲ ವಿಮಾನಗಳ ನಡುವಿನ ಅಂತರದ ಮೇಲೆ. ಪೈಲಟ್‌ಗೆ ಲೆಕ್ಕ ಬರುತ್ತದೆ, ಆದರೆ ಲೆಕ್ಕ ಹಾಕಲು ಹತ್ತು ಸೆಕೆಂಡು ಪುರುಸೊತ್ತು ಬೇಕು. ಆ ಪುರುಸೊತ್ತನ್ನು ರೇಡಿಯೊ ತಿಂದುಹಾಕಿತು.

ಹಾರಾಟದ ಮೊದಲ ಪಾಠದಲ್ಲೇ ಒಂದು ಕ್ರಮ ಹೇಳಿಕೊಡುತ್ತಾರೆ. ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು. ಕೇಳಲು ಚೆನ್ನಾಗಿದೆ. ಆದರೆ ಕಿವಿಯಲ್ಲಿ ನಿಮ್ಮ ಹೆಸರು ಹಿಡಿದು ಯಾರೋ ಕರೆಯುತ್ತಿರುವಾಗ ಉತ್ತರ ಕೊಡದೆ ಇರುವುದು ಎಷ್ಟು ಕಷ್ಟ ಎಂಬುದು ಆ ಪಾಠದಲ್ಲಿಲ್ಲ.

ವರದಿ ಏನು ಹೇಳಿತು

ಎನ್‌ಟಿಎಸ್‌ಬಿ ಮುಖ್ಯ ಕಾರಣವನ್ನು ಪೈಲಟ್ ಮೇಲೆಯೇ ಇಟ್ಟಿತು. ಗೋ-ಅರೌಂಡ್ ಕ್ರಮ ತಪ್ಪಿತು, ಸುರಕ್ಷಿತ ವೇಗ ಬರುವ ಮುಂಚೆ ಫ್ಲ್ಯಾಪ್ ಎತ್ತಿದ್ದರಿಂದ ಸ್ಟಾಲ್ ಆಗಿ ಸ್ಪಿನ್‌ಗೆ ಹೋಯಿತು. ಜೊತೆಗೂಡಿದ ಕಾರಣಗಳು ಮೂರು. ಮೊದಲ ಕಂಟ್ರೋಲರ್ ವಿಮಾನವನ್ನು ಸುತ್ತಿನಲ್ಲೇ ಉಳಿಸಿಕೊಂಡದ್ದು. ಎರಡನೇ ಕಂಟ್ರೋಲರ್ ನಾಜೂಕಿನ ಹೊತ್ತಿನಲ್ಲಿ ಬೇಡವಾದಷ್ಟು ಜಟಿಲ ಸೂಚನೆ ಕೊಟ್ಟದ್ದು. ಮೂರನೆಯದು, ಪೈಲಟ್ ಗಟ್ಟಿಯಾಗಿ ತನ್ನ ಮಾತು ಹೇಳದೆ ಹೋದದ್ದು.

ಈ ಮೂರನೆಯದನ್ನು ಓದಿದಾಗ ನನಗೆ ಒಪ್ಪಿಗೆಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಒಪ್ಪಿಗೆ ಏಕೆಂದರೆ ಕಾನೂನು ಪೂರ್ತಿ ಪೈಲಟ್ ಕಡೆಗಿದೆ. ಅಮೆರಿಕದ ವಾಯುಯಾನ ನಿಯಮ 91.3ರ ಪ್ರಕಾರ ವಿಮಾನದ ಬಗ್ಗೆ ಕೊನೆಯ ಅಧಿಕಾರ ಪೈಲಟ್‌ದೇ. 91.123 ಇನ್ನೂ ನೇರವಾಗಿದೆ. ಕಂಟ್ರೋಲರ್ ಕೊಟ್ಟ ಅನುಮತಿ ಸ್ಪಷ್ಟವಾಗದಿದ್ದರೆ ಪೈಲಟ್ ತಕ್ಷಣ ಕೇಳಿ ತಿಳಿದುಕೊಳ್ಳಲೇಬೇಕು. ಕೇಳುವುದು ಇಷ್ಟವಿದ್ದರೆ ಮಾಡುವ ಕೆಲಸವಲ್ಲ, ಅದು ನಿಯಮ. ರೇಡಿಯೊ ಭಾಷೆಯಲ್ಲಿ ಇದಕ್ಕೆಂದೇ ಸಿದ್ಧ ಮಾತುಗಳಿವೆ. "ಅನೇಬಲ್" ಅಂದರೆ ನನ್ನಿಂದ ಆಗದು. ಕಾರಣ ಹೇಳಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಲ್ಲ. ಬೇರೆ ದಾರಿ ಹುಡುಕುವುದು ಆಮೇಲೆ ಕಂಟ್ರೋಲರ್ ಕೆಲಸ. "ಸ್ಟ್ಯಾಂಡ್‌ಬೈ" ಅಂದರೆ ತಡೆಯಿರಿ, ಕೈ ತುಂಬ ಕೆಲಸ ಇದೆ.

ಸಿಟ್ಟು ಏಕೆಂದರೆ, ಗಟ್ಟಿಯಾಗಿ ಮಾತಾಡಲಿಲ್ಲ ಎನ್ನುವುದು ಆ ಒಬ್ಬ ಪೈಲಟ್‌ನ ಸ್ವಭಾವದ ಕೊರತೆಯಂತೆ ಕೇಳಿಸುತ್ತದೆ. ಆದರೆ ಅವರಿಗೆ ಯಾವ ಘಟ್ಟದಲ್ಲೂ ಜಗಳ ಮಾಡುವಂಥ ಎದುರಾಳಿ ಇರಲಿಲ್ಲ. ಎದುರಿಗಿದ್ದವರು ಸಹಾಯ ಮಾಡುತ್ತಿದ್ದರು. ಬೇಗ ಇಳಿಸಲು ನೋಡುತ್ತಿದ್ದರು, ಬಲವಂತ ಬೇಡ ಎಂದೂ ಹೇಳುತ್ತಿದ್ದರು. ಗದರಿಸುವವರಿಗೆ ಇಲ್ಲ ಎನ್ನಬಹುದು. ನಿಮಗಾಗಿ ಜಾಗ ಮಾಡಿಕೊಡುತ್ತಿರುವವರಿಗೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಉಪಕಾರ ಮಾಡಲು ಬಂದವರ ಮನಸ್ಸು ನೋಯಿಸಬಾರದು ಎಂದೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರ್ಯಾದೆಯ ಮಾತಿನೊಳಗೆ ಅಪಾಯ ಮುಚ್ಚಿಹೋಗುವುದು ಸಣ್ಣ ವಿಮಾನಗಳಿಗಷ್ಟೇ ಆಗುವುದಲ್ಲ. 1990ರ ಜನವರಿ 25ರಂದು ಏವಿಯಾಂಕ 52 ಎಂಬ ಬೋಯಿಂಗ್ 707 ನ್ಯೂಯಾರ್ಕ್ ಹತ್ತಿರ ಇಂಧನ ಮುಗಿದು ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ಇಂಧನ ಕಡಿಮೆಯಾಗುತ್ತಿದೆ ಎಂದು ಸಿಬ್ಬಂದಿ ಹೇಳಿದ್ದರು. ತುರ್ತು ಪರಿಸ್ಥಿತಿ ಎಂದು ಮಾತ್ರ ಘೋಷಿಸಿರಲಿಲ್ಲ. ಅನುಭವಿ ಸಿಬ್ಬಂದಿಗೇ ಹೀಗಾದರೆ ಮುನ್ನೂರು ಗಂಟೆಯವರ ಪಾಡೇನು?

ಕಂಟ್ರೋಲರ್‌ಗಳ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಟವರ್‌ನಿಂದ ವಿಮಾನ ಕಾಣುತ್ತದೆ, ಒಳಗಿನ ಕೈ ಕಾಣುವುದಿಲ್ಲ. ಪೈಲಟ್‌ನ ದನಿ ಸಮಾಧಾನವಾಗಿದ್ದರೆ ಅವರಿಗೆ ಎಲ್ಲವೂ ಸಮಾಧಾನ. ಈ ದನಿ ಕೊನೆಯವರೆಗೂ ಹಾಗೆಯೇ ಇತ್ತು. ಆದರೆ ಮೂರು ಸಲ ಇಳಿಯಲಾಗದೆ ಹೋದ ವಿಮಾನ ದನಿಯಿಲ್ಲದೆಯೂ ಏನನ್ನೋ ಹೇಳುತ್ತಿರುತ್ತದೆ. ಎರಡನೇ ಗೋ-ಅರೌಂಡ್ ಆದಾಗಲಾದರೂ ಯಾರಾದರೂ ಒಬ್ಬರು, ನೇರ ಮೇಲೇರಿ, ಏನೂ ಮಾಡಬೇಡಿ, ಅಪ್ರೋಚ್ ಜೊತೆ ಮಾತಾಡಿ ಎಂದು ಹೇಳಬಹುದಿತ್ತು. ಆ ಹೊತ್ತಿನಲ್ಲಿ ಕೊಡಬಹುದಾದ ಅತಿ ದೊಡ್ಡ ಸಹಾಯ ಅದಾಗಿತ್ತು. ಕುರ್ಚಿ ಬದಲಾದಾಗ ಈ ಪೈಲಟ್ ಎಷ್ಟು ಹೊತ್ತಿನಿಂದ ಸುತ್ತುತ್ತಿದ್ದಾರೆ ಎಂಬ ಸಂಗತಿಯ ಭಾರ ಹೊಸಬರ ತಲೆಗೆ ಪೂರ್ತಿ ಇಳಿಯುವುದೂ ಕಷ್ಟವೇ.

ನಮ್ಮ ಕಡೆಯಿಂದ ನೋಡಿದರೆ

ಭಾರತದಲ್ಲಿ ಪೈಲಟ್ ರೇಡಿಯೊ ಮುಟ್ಟಲು ಆರ್‌ಟಿಆರ್ ಎಂಬ ಬೇರೆಯೇ ಲೈಸೆನ್ಸ್ ಬೇಕು. ಬಹಳ ಕಾಲ ಇದನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. ಭಾರತೀಯ ವಾಯುಯಾನ ಅಧಿನಿಯಮ 2024 ಅದನ್ನು ನಾಗರಿಕ ವಾಯುಯಾನದ ಮಹಾನಿರ್ದೇಶನಾಲಯವಾದ ಡಿಜಿಸಿಎ ಕೈಗೆ ಕೊಟ್ಟಿತು. ಅಮೆರಿಕದೊಳಗೆ ಹಾರುವ ಪ್ರೈವೇಟ್ ಪೈಲಟ್‌ಗೆ ಇಂಥ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ರೇಡಿಯೊ ಅಲ್ಲಿ ಹಾರಾಟದ ಪಾಠದ ಜೊತೆಗೇ ಬರುತ್ತದೆ. ಜಕ್ಕೂರಿನಲ್ಲಿ ಕಲಿಯುವವರಿರಲಿ, ಫ್ಲಾರಿಡಾಕ್ಕೋ ಟೆಕ್ಸಾಸ್‌ಗೋ ಹೋಗಿ ಕಲಿತು ಬರುವ ನಮ್ಮ ಹುಡುಗ ಹುಡುಗಿಯರಿರಲಿ, ಇಲ್ಲಿ ಹಾರಬೇಕಾದರೆ ಆ ಪರೀಕ್ಷೆ ದಾಟಲೇಬೇಕು. ಅದಕ್ಕಾಗಿ ಮಾತುಗಳನ್ನು ಗಿಳಿಪಾಠದಂತೆ ಕಲಿತಿರುತ್ತಾರೆ. ಅನೇಬಲ್ ಎಂಬ ಪದವೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ನನ್ನ ಸಂಶಯ ಇಷ್ಟೇ. ಪ್ರತಿ ವಾಕ್ಯದ ಕೊನೆಗೆ ಸರ್ ಸೇರಿಸಿ ಮಾತಾಡುವ ಅಭ್ಯಾಸ ಇರುವವರ ಬಾಯಿಂದ, ಹಿಂದೆ ಏರ್‌ಬಸ್ ಬರುತ್ತಿರುವಾಗ, ಆ ಪದ ಹೊರಡುತ್ತದೆಯೇ? ಕಲಿಸುವವರು ಇದನ್ನು ಬೇಕೆಂದೇ ಅಭ್ಯಾಸ ಮಾಡಿಸಬೇಕು. ಆಗದ ಸೂಚನೆ ಕೊಟ್ಟು, ಶಿಷ್ಯ ಇಲ್ಲ ಎನ್ನುವವರೆಗೆ ಬಿಡಬಾರದು.

ಹಾಬಿಯಲ್ಲಿ ಆ ಹೊತ್ತಿಗೆ ಏನು ಹೇಳಬಹುದಿತ್ತು? ಮೊದಲ ಗೋ-ಅರೌಂಡ್ ಆದ ತಕ್ಷಣ ಒಂದು ಸಾಲು: "ಅನೇಬಲ್ ತ್ರೀ ಫೈವ್, ರಿಕ್ವೆಸ್ಟ್ ವೆಕ್ಟರ್ಸ್ ಫಾರ್ ರನ್‌ವೇ ಫೋರ್." ಗಾಳಿ ಸರಿಯಿರುವ ರನ್‌ವೇಗೇ ದೂರದಿಂದ ದಾರಿ ತೋರಿಸಿ ತನ್ನಿ ಎಂದು. ಹತ್ತಿಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತಿತ್ತು. ಗೊಂದಲದ ಜಾಗದಲ್ಲಿ ಇನ್ನೊಂದು ಸಾಲು: "ಐ ಆಮ್ ನಾಟ್ ಫೆಮಿಲಿಯರ್, ರಿಕ್ವೆಸ್ಟ್ ಹೆಡಿಂಗ್." ನನಗೆ ಈ ನಿಲ್ದಾಣ ಹೊಸದು, ಡಿಗ್ರಿ ಲೆಕ್ಕದಲ್ಲಿ ದಿಕ್ಕು ಹೇಳಿ ಎಂದು. ಹೀಗೆ ಕೇಳಿದ ಕೂಡಲೇ ಕಂಟ್ರೋಲರ್ ಮಾತಿನ ಧಾಟಿ ಬದಲಾಗುತ್ತದೆ. ಸೂಚನೆ ಚಿಕ್ಕದಾಗುತ್ತದೆ, ಒಂದು ಸಲಕ್ಕೆ ಒಂದೇ ಕೆಲಸ ಬರುತ್ತದೆ. ಮೂರನೇ ಗೋ-ಅರೌಂಡ್‌ನಲ್ಲಿ ಹೇಳಬೇಕಾದದ್ದು ಏನೂ ಇರಲಿಲ್ಲ. ಎರಡೂ ಕೈ ವಿಮಾನದ ಮೇಲೆ, ಬಟನ್ ಮೇಲೆ ಬೆರಳೇ ಬೇಡ. ಟವರ್ ಕರೆಯುತ್ತಲೇ ಇರಲಿ. ಸಾವಿರ ಅಡಿ ಮೇಲೆ ಹೋದ ಮೇಲೆ ಉತ್ತರ ಕೊಟ್ಟರೂ ಯಾರ ಗಂಟೂ ಹೋಗುವುದಿಲ್ಲ.

ಇನ್ನೊಂದು ದಾರಿಯೂ ಇತ್ತು. ಹಾಬಿಯಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಪಿಯರ್‌ಲ್ಯಾಂಡ್ ಎಂಬ ಸಣ್ಣ ನಿಲ್ದಾಣವಿದೆ. ಅಲ್ಲಿ ಟವರೇ ಇಲ್ಲ. ಪೈಲಟ್‌ಗಳು ತಾವು ಎಲ್ಲಿದ್ದೇವೆ ಎಂದು ಒಂದು ಸಾಮಾನ್ಯ ಫ್ರೀಕ್ವೆನ್ಸಿಯಲ್ಲಿ ತಾವೇ ಸಾರಿಕೊಂಡು, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಇಳಿಯುತ್ತಾರೆ. ಹಿಂದಿನಿಂದ 737 ಬರುವ ಮಾತೇ ಇಲ್ಲ. ದೊಡ್ಡ ನಿಲ್ದಾಣಕ್ಕೆ ಹೊರಡುವ ಪ್ರೈವೇಟ್ ಪೈಲಟ್ ಇಂಥದೊಂದು ನಿಲ್ದಾಣದ ಹೆಸರು, ಅದರ ಫ್ರೀಕ್ವೆನ್ಸಿ, ಎಷ್ಟನೇ ಗೋ-ಅರೌಂಡ್ ಆದ ಮೇಲೆ ಅಲ್ಲಿಗೆ ಹೊರಡುವುದು, ಇಷ್ಟನ್ನು ತೊಡೆಯ ಮೇಲಿನ ಪ್ಯಾಡ್‌ನಲ್ಲಿ ಮೊದಲೇ ಬರೆದುಕೊಂಡಿರಬೇಕು. ಟವರ್‌ಗೆ ಹೇಳುವ ಸಾಲನ್ನೂ ಪೂರ್ತಿಯಾಗಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ವಾಕ್ಯ ಹುಡುಕುವ ಕೆಲಸವಿರುವುದಿಲ್ಲ, ಓದಿದರೆ ಸಾಕು.